ಗಾಜಿನ ತಟ್ಟೆಯಿಂದ ತೆಂಗಿನ ತೋಟದವರೆಗೆ



ವೈದ್ಯಕೀಯ, ಜೀವವಿಜ್ಞಾನ ಮತ್ತು ವಸ್ತುವಿಜ್ಞಾನದಲ್ಲಿ ಈಚೆಗೆ ನಡೆದಿರುವ ಸಂಶೋಧನೆಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಒಂದು ಗಂಟೆಯಲ್ಲಿ ಮೂರನ್ನೂ ಮುಟ್ಟಿ ಬರುತ್ತೇನೆಂದು ಹೊರಟರೆ ಪಟ್ಟಿ ಓದಿದಂತಾಗುತ್ತದೆ. ಅದಕ್ಕೇ ನಾನು ಒಂದು ಮರವನ್ನು ಹಿಡಿದುಕೊಂಡಿದ್ದೇನೆ. ಮಾಯಸಂದ್ರದಿಂದ ತುರುವೇಕೆರೆಗೆ ಹೋದರೂ, ಎಡೆಯೂರಿನ ಕಡೆಗೆ ಹೊರಳಿದರೂ ರಸ್ತೆಯ ಎರಡೂ ಬದಿಗೆ ಅದೇ ಮರ. ಅದರ ಎಣ್ಣೆ, ಎಳನೀರು ವೈದ್ಯರ ಪ್ರಯೋಗಗಳಿಗೆ ಒಳಗಾಗಿವೆ. ಅದರ ಅಂಗಾಂಶ, ವಂಶವಾಹಿ, ಅದನ್ನು ತಿನ್ನುವ ಕೀಟ ಜೀವವಿಜ್ಞಾನಿಗಳ ಮೇಜಿನ ಮೇಲಿವೆ. ಅದರ ಚಿಪ್ಪು ವಸ್ತುವಿಜ್ಞಾನಿಗಳ ಕುಲುಮೆ ಸೇರಿದೆ. ಮೂರು ಶಾಸ್ತ್ರಗಳನ್ನೂ ಒಂದೇ ತೋಟದಲ್ಲಿ ನಿಂತು ನೋಡಬಹುದಾದ ಭಾಗ್ಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದೆ.

ದಿನಪತ್ರಿಕೆಯಲ್ಲಿ, ಮೊಬೈಲಿನಲ್ಲಿ ದಿನಕ್ಕೊಂದು 'ಸಂಶೋಧನೆಯಿಂದ ಸಾಬೀತು' ಬರುತ್ತದೆ. ಅದನ್ನು ಓದಿದವರು ಕೇಳಬೇಕಾದ ಪ್ರಶ್ನೆ ಒಂದೇ: ಈ ಫಲಿತಾಂಶ ಎಲ್ಲಿಂದ ಹೊರಟಿದೆ, ಈಗ ಎಲ್ಲಿಯವರೆಗೆ ಬಂದಿದೆ? ಗಾಜಿನ ತಟ್ಟೆಯಲ್ಲಿ ಕಂಡದ್ದು ಇಲಿಯಲ್ಲೂ ಕಾಣಬೇಕು, ಆಮೇಲೆ ಮನುಷ್ಯನಲ್ಲಿ. ಹತ್ತು ಜನರಲ್ಲಿ ಕಂಡದ್ದು ಸಾವಿರ ಜನರಲ್ಲಿ ನಿಲ್ಲಬೇಕು. ತಳಿಯ ವಿಷಯದಲ್ಲಿ ಪ್ರಯೋಗಾಲಯದಿಂದ ಸಸಿಮಡಿಗೆ, ಸಸಿಮಡಿಯಿಂದ ತೋಟಕ್ಕೆ ದಾರಿ ಇದೆ. ಹೊಸ ವಸ್ತುವಿನ ವಿಷಯದಲ್ಲಿ ಗ್ರಾಂನಿಂದ ಟನ್ನಿಗೆ ದಾರಿ ಇದೆ. ಈ ದೂರವನ್ನು ಅಳೆಯಲು ಕಲಿತವನಿಗೆ ವಿಜ್ಞಾನದ ಸುದ್ದಿ ಭಯವನ್ನೂ ಹುಟ್ಟಿಸುವುದಿಲ್ಲ, ಮರುಳನ್ನೂ ಮಾಡುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟನ್ನೇ.

ದೂರ ಎಷ್ಟಿರಬಹುದು ಎಂಬುದಕ್ಕೆ ಮೊದಲು ಒಂದು ಉದಾಹರಣೆ ಕೊಡುತ್ತೇನೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೋನ್ ಸಕಾಗುಚಿ ಅವರಿಗೆ ಬಂತು. ನಮ್ಮ ರೋಗನಿರೋಧಕ ಶಕ್ತಿ ನಮ್ಮ ಮೈಯನ್ನೇ ತಿನ್ನದಂತೆ ತಡೆಯುವ ಕಾವಲು ಕೋಶಗಳನ್ನು ಗುರುತಿಸಿದ್ದಕ್ಕೆ ಕೊಟ್ಟ ಪ್ರಶಸ್ತಿ ಅದು. ಆ ಕಥೆಯ ಒಂದು ಎಳೆ 1940ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್‌ನ ಪ್ರಯೋಗಾಲಯದಲ್ಲಿ ಹುಟ್ಟಿದ ರೋಗಿಷ್ಟ ಗಂಡು ಇಲಿಗಳಿಂದ ಶುರುವಾಗುತ್ತದೆ. ಅವುಗಳ ಚರ್ಮ ಹೊಪ್ಪಳೆ ಏಳುತ್ತಿತ್ತು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಸಕಾಗುಚಿ ಕಾವಲು ಕೋಶಗಳನ್ನು ತೋರಿಸಿಕೊಟ್ಟದ್ದು 1995ರಲ್ಲಿ. ಇಲಿಗಳ ಆ ರೋಗಕ್ಕೆ ಕಾರಣವಾದ ವಂಶವಾಹಿ ಬ್ರಂಕೋ, ರಾಮ್ಸ್‌ಡೆಲ್ ಅವರ ಕೈಗೆ ಸಿಕ್ಕಿದ್ದು 2001ರಲ್ಲಿ. ಅದೇ ವಂಶವಾಹಿ ಕೆಟ್ಟರೆ ಗಂಡುಮಕ್ಕಳಿಗೆ ಬರುವ ಒಂದು ಅಪರೂಪದ, ಭೀಕರ ಕಾಯಿಲೆಯೂ ಆಗಲೇ ಅರ್ಥವಾಯಿತು. ಇಲಿಯಿಂದ ಮಗುವಿನವರೆಗೆ ಬರುವಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು. ಅದರ ಮೇಲೆ ನಿಂತ ಚಿಕಿತ್ಸೆಗಳು ಇನ್ನೂ ರೋಗಿಗಳ ಮೇಲಿನ ಪ್ರಯೋಗದ ಹಂತದಲ್ಲಿವೆ. ಇದು ವಿಜ್ಞಾನದ ಸೋಮಾರಿತನವಲ್ಲ, ಅದರ ಪ್ರಾಮಾಣಿಕತೆ.

ಈಗ ಕೊಬ್ಬರಿ ಎಣ್ಣೆಗೆ ಬರೋಣ. ಅದು ಮರೆವಿನ ಕಾಯಿಲೆಯನ್ನು ವಾಸಿ ಮಾಡುತ್ತದೆ, ಹೃದಯವನ್ನು ಕಾಯುತ್ತದೆ ಎಂದು ಒಂದು ಕಡೆ. ಅದು ವಿಷ ಎಂದು ಇನ್ನೊಂದು ಕಡೆ. ಎರಡಕ್ಕೂ 'ಸಂಶೋಧನೆ' ಎಂಬ ಮುದ್ರೆ ಒತ್ತಿರುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ತೊಂಬತ್ತು ಭಾಗ ಸಂತೃಪ್ತ ಕೊಬ್ಬು ಎನ್ನುವುದು ನಿಜ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಲಾರಿಕ್ ಆಮ್ಲ ಗಾಜಿನ ತಟ್ಟೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದೂ ನಿಜ. ಆದರೆ ತಟ್ಟೆಯಲ್ಲಿ ಸತ್ತ ಬ್ಯಾಕ್ಟೀರಿಯಾದಿಂದ ಗುಣವಾದ ಜ್ವರದವರೆಗೆ ಬಹಳ ದಾರಿ ಇದೆ. ಕೊರೊನಾ ಕಾಲದಲ್ಲಿ ಹರಿದಾಡಿದ ಸಂದೇಶಗಳು ಆ ದಾರಿಯನ್ನು ಒಂದೇ ನೆಗೆತಕ್ಕೆ ದಾಟಿಬಿಟ್ಟಿದ್ದವು. ಮಧ್ಯಮ ಸರಪಳಿಯ ಕೊಬ್ಬು ಬೇಗ ಶಕ್ತಿಯಾಗುತ್ತದೆ, ಮೈಗೆ ಹತ್ತುವುದಿಲ್ಲ ಎಂಬ ಜಾಹೀರಾತಿನ ಮಾತಿಗೂ ಇದೇ ಗತಿ. ಹಾಗೆ ವರ್ತಿಸುವುದು ಮುಖ್ಯವಾಗಿ ಎಂಟು ಮತ್ತು ಹತ್ತು ಇಂಗಾಲದ ಆಮ್ಲಗಳು. ಕೊಬ್ಬರಿ ಎಣ್ಣೆಯಲ್ಲಿ ಅವುಗಳ ಪಾಲು ಚಿಕ್ಕದು. ಹನ್ನೆರಡು ಇಂಗಾಲದ ಲಾರಿಕ್ ಆಮ್ಲದ ಬಹುಪಾಲು ಉಳಿದ ಕೊಬ್ಬಿನ ಹಾದಿಯಲ್ಲೇ ರಕ್ತ ಸೇರುತ್ತದೆ.

ಮನುಷ್ಯರ ಮೇಲೆ ನಡೆದ ಮೂರು ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ. 2018ರಲ್ಲಿ ಕೇಂಬ್ರಿಡ್ಜ್‌ನವರು ಸುಮಾರು ತೊಂಬತ್ತು ಜನರನ್ನು ಮೂರು ಗುಂಪು ಮಾಡಿದರು. ದಿನಕ್ಕೆ 50 ಗ್ರಾಂನಂತೆ ನಾಲ್ಕು ವಾರ ಒಂದು ಗುಂಪಿಗೆ ಬೆಣ್ಣೆ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ, ಮತ್ತೊಂದಕ್ಕೆ ಆಲಿವ್ ಎಣ್ಣೆ ಕೊಟ್ಟರು. ಬೆಣ್ಣೆ ತಿಂದವರಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್ ಏರಿತು. ಕೊಬ್ಬರಿ ಎಣ್ಣೆಯವರಲ್ಲಿ ಅದು ಆಲಿವ್ ಎಣ್ಣೆಯವರಿಗಿಂತ ಹೆಚ್ಚೇನೂ ಆಗಲಿಲ್ಲ. ಒಳ್ಳೆಯ ಕೊಲೆಸ್ಟರಾಲ್ ಮಾತ್ರ ಏರಿತು. ಇದನ್ನು ಓದಿದ ಕೊಬ್ಬರಿ ಎಣ್ಣೆ ಅಭಿಮಾನಿ ಕುಣಿದಾಡಬಹುದು. ಆದರೆ 2020ರಲ್ಲಿ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಇಂಥ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಲೇಖನ ಬಂತು. ಉಷ್ಣವಲಯದ್ದಲ್ಲದ ಸಸ್ಯ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ ಕೆಟ್ಟ ಕೊಲೆಸ್ಟರಾಲ್ ಸುಮಾರು 10 ಮಿಲಿಗ್ರಾಂ, ಒಳ್ಳೆಯದು ಸುಮಾರು 4 ಮಿಲಿಗ್ರಾಂ ಹೆಚ್ಚಿತ್ತು. ಮೂರನೆಯದು ನಮಗೆ ಹತ್ತಿರದ್ದು. ಕೊಚ್ಚಿಯಲ್ಲಿ ಹೃದ್ರೋಗವಿದ್ದ ಇನ್ನೂರು ಜನರಿಗೆ ಎರಡು ವರ್ಷ ಅಡುಗೆಗೆ ಕೆಲವರಿಗೆ ಕೊಬ್ಬರಿ ಎಣ್ಣೆ, ಕೆಲವರಿಗೆ ಸೂರ್ಯಕಾಂತಿ ಎಣ್ಣೆ ಬಳಸಲು ಹೇಳಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮೂರೂ ಒಂದಕ್ಕೊಂದು ವಿರೋಧ ಎನಿಸಬಹುದು. ಕೂತು ನೋಡಿದರೆ ಹಾಗಿಲ್ಲ. ಒಂದು ತೊಂಬತ್ತು ಜನರ ಮೇಲೆ ಬೆಣ್ಣೆ, ಆಲಿವ್ ಎಣ್ಣೆಯೊಡನೆ ಹೋಲಿಸಿದ ಒಂದೇ ಪ್ರಯೋಗ, ಒಂದು 16 ಪ್ರಯೋಗಗಳ ಒಟ್ಟು ಲೆಕ್ಕ. ಒಂದು ನಾಲ್ಕು ವಾರದ್ದು, ಒಂದು ಎರಡು ವರ್ಷದ್ದು. ಕೊಚ್ಚಿಯವರು ಆಗಲೇ ಹೃದಯದ ಚಿಕಿತ್ಸೆಯಲ್ಲಿದ್ದವರು, ಕೊಲೆಸ್ಟರಾಲ್ ಹಿಡಿದಿಡುವ ಮಾತ್ರೆ ಅವರ ರಕ್ತದಲ್ಲಿ ಕೆಲಸ ಮಾಡುತ್ತಿತ್ತು. ಇನ್ನೂರು ಜನರಲ್ಲಿ ಎಣ್ಣೆಯಿಂದ ಹೃದಯಾಘಾತ ಹೆಚ್ಚಿತೋ ಕಡಿಮೆಯಾಯಿತೋ ಎಂದು ತೀರ್ಮಾನಿಸಲು ಆ ಸಂಖ್ಯೆ ಸಾಲದು. ಹಾಗಾದರೆ ಮಾಡುವುದೇನು? ನನ್ನ ತೀರ್ಮಾನ ಇದು: ಕೊಬ್ಬರಿ ಎಣ್ಣೆ ವಿಷವೂ ಅಲ್ಲ, ಔಷಧವೂ ಅಲ್ಲ. ಕೆಟ್ಟ ಕೊಲೆಸ್ಟರಾಲ್ ಜಾಸ್ತಿ ಇದೆ ಎಂದು ಡಾಕ್ಟರು ಹೇಳಿದವರು ಅಭಿಮಾನಕ್ಕೆ ಬಿದ್ದು ಅದನ್ನು ಚಮಚದಲ್ಲಿ ಕುಡಿಯಬಾರದು. ಹದವಾಗಿ ಒಗ್ಗರಣೆಗೆ ಹಾಕುವ ಆರೋಗ್ಯವಂತರು ಹೆದರಿ ಸಾಯಬೇಕಾಗಿಲ್ಲ.

ಇನ್ನೊಂದು ಮಾತು. ಈ ಎಣ್ಣೆಯ ಜಗಳ ಹೆಚ್ಚಾಗಿ ಕೇರಳದ ಅಡುಗೆಮನೆಯದು. ತಿಪಟೂರಿನ ಉಂಡೆ ಕೊಬ್ಬರಿ, ಎಣ್ಣೆ ಗಾಣಕ್ಕಿಂತ ಹೆಚ್ಚಾಗಿ ಉತ್ತರ ಭಾರತದ ಅಂಗಡಿಗಳಿಗೆ, ಅಲ್ಲಿನ ಮಿಠಾಯಿಗೆ, ಪೂಜೆಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಕರಿಯಲು ಬಳಸುವುದು ಕಡಲೆಕಾಯಿ ಎಣ್ಣೆ, ಇಲ್ಲವೇ ಪೊಟ್ಟಣದ ತಾಳೆ ಎಣ್ಣೆ. ಕೊಬ್ಬರಿ ಎಣ್ಣೆ ತಲೆಗೆ. ಸಾರಿಗೆ ತುರಿದು ರುಬ್ಬಿ ಹಾಕುವ ಕಾಯಿ ನಾರು, ನೀರು, ಪ್ರೋಟೀನಿನ ಸಮೇತ ಹೊಟ್ಟೆ ಸೇರುತ್ತದೆ. ಮೇಲೆ ಹೇಳಿದ ಪ್ರಯೋಗಗಳು ಎಣ್ಣೆಯದ್ದು. ಎಣ್ಣೆಯ ಫಲಿತಾಂಶವನ್ನು ಹಾಗೆಹಾಗೇ ತಂದು ತುರಿದ ಕಾಯಿಗೆ ಹಚ್ಚುವುದು ತಪ್ಪು.

ಎಳನೀರಿನ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು. 2000ದಲ್ಲಿ ಸಾಲೊಮನ್ ದ್ವೀಪದಲ್ಲಿ ಬೇರೆ ದ್ರವ ಸಿಗದಾಗ ಒಬ್ಬ ರೋಗಿಗೆ ಎಳನೀರನ್ನೇ ರಕ್ತನಾಳಕ್ಕೆ ಹಾಕಿ ಉಳಿಸಿದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ನಮಗೆ ಹೆಮ್ಮೆ ತರುವ ಸುದ್ದಿಯೇ. ಆದರೆ ಅದು ಬೇರೆ ಗತಿಯಿಲ್ಲದಾಗ, ಒಬ್ಬ ರೋಗಿಗೆ. ವಾಂತಿಭೇದಿಗೆ ಇವತ್ತಿಗೂ ಓಆರ್‌ಎಸ್ ಪುಡಿಯೇ ಸರಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸಕ್ಕರೆಯ ನೀರಿನಿಂದ ಸಾವಿರಾರು ಜನರನ್ನು ಕಾಲರಾದಿಂದ ಬದುಕಿಸಿ ಅದನ್ನು ತೋರಿಸಿಕೊಟ್ಟರು. ಭೇದಿಯಲ್ಲಿ ಮೈ ಕಳೆದುಕೊಳ್ಳುವುದು ಮುಖ್ಯವಾಗಿ ಸೋಡಿಯಂ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಅದೇ ಪೊಟ್ಯಾಸಿಯಂನಿಂದಾಗಿ ಮೂತ್ರಪಿಂಡ ಸೋತವರಿಗೆ ಎಳನೀರು ಅಪಾಯ. ರಕ್ತದಲ್ಲಿ ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ನಾವು ಪ್ರೀತಿಯಿಂದ ಎಳನೀರು ಒಯ್ಯುತ್ತೇವೆ. ಡಯಾಲಿಸಿಸ್ ಆಗುತ್ತಿರುವವರಿಗೆ ದಯವಿಟ್ಟು ಒಯ್ಯಬೇಡಿ.

ಜೀವವಿಜ್ಞಾನದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇದೇ ಎಳನೀರಿನ ಇನ್ನೊಂದು ಕಥೆಯ ಬಳಿ. ಎಳೆಯ ಬುರುಡೆಯೊಳಗಿನ ನೀರು ಬರೀ ಸಕ್ಕರೆ ನೀರಲ್ಲ. ಅದು ಮೊಳಕೆಗಾಗಿ ಮರ ಕೂಡಿಟ್ಟ ಆಹಾರ, ದ್ರವರೂಪದ ಅಂಗಾಂಶ. ಅದರಲ್ಲಿ ಕೋಶಕೇಂದ್ರಗಳು ಗೋಡೆಯಿಲ್ಲದೆ ತೇಲುತ್ತಿರುತ್ತವೆ. ದಿನ ಕಳೆದಂತೆ ಅವು ಚಿಪ್ಪಿನ ಒಳಮೈಗೆ ಹತ್ತಿಕೊಂಡು, ಗೋಡೆ ಕಟ್ಟಿಕೊಂಡು ಗಂಜಿಯಾಗುತ್ತವೆ, ಗಂಜಿ ಗಟ್ಟಿಯಾಗಿ ಕಾಯಿಯಾಗುತ್ತದೆ. 1941ರಲ್ಲಿ ಯೊಹಾನೆಸ್ ಫಾನ್ ಓವರ್‌ಬೇಕ್ ಮತ್ತು ಸಂಗಡಿಗರು ಉಮ್ಮತ್ತಿ ಗಿಡದ ಅತಿ ಎಳೆಯ ಭ್ರೂಣಗಳನ್ನು ಗಾಜಿನಲ್ಲಿ ಬೆಳೆಸಲು ಒದ್ದಾಡುತ್ತಿದ್ದರು. ಸಕ್ಕರೆ, ಲವಣ, ವಿಟಮಿನ್ ಯಾವುದಕ್ಕೂ ಅವು ಜಗ್ಗಲಿಲ್ಲ. ತೆಂಗಿನಕಾಯಿಯ ನೀರು ಹಾಕಿದಾಗ ಬೆಳೆದವು. ಆ ನೀರಿನಲ್ಲಿ ಕೋಶಗಳು ವಿಭಜಿಸಿ ಹೆಚ್ಚುವಂತೆ ಮಾಡುವ ಏನೋ ಇದೆ ಎಂದಾಯಿತು. 1955ರಲ್ಲಿ ವಿಸ್ಕಾನ್ಸಿನ್‌ನ ಮಿಲ್ಲರ್ ಮತ್ತು ಸ್ಕೂಗ್ ಅಂಥ ಗುಣದ ವಸ್ತುವೊಂದನ್ನು, ಕೈನೆಟಿನ್ ಎಂಬುದನ್ನು, ಮೀನಿನ ವೀರ್ಯದ ಡಿಎನ್‌ಎಯಿಂದ ಪಡೆದರು. 1963ರಲ್ಲಿ ಲೆಥಮ್ ಎಳೆಯ ಮುಸುಕಿನ ಜೋಳದಿಂದ ಝಿಯಾಟಿನ್ ಬೇರ್ಪಡಿಸಿದರು. ಆ ಗುಂಪಿನವೇ ತೆಂಗಿನ ನೀರಿನಲ್ಲೂ ಇವೆ ಎಂದು ಮುಂದೆ ಗೊತ್ತಾಯಿತು. ನಡುವೆ 1958ರಲ್ಲಿ ಕಾರ್ನೆಲ್‌ನ ಸ್ಟೀವರ್ಡ್ ತೆಂಗಿನ ನೀರು ಬೆರೆಸಿದ ಮಾಧ್ಯಮದಲ್ಲಿ ಗಜ್ಜರಿಯ ಬಿಡಿಕೋಶಗಳಿಂದ ಇಡೀ ಗಿಡವನ್ನೇ ಎಬ್ಬಿಸಿ ತೋರಿಸಿದರು. ಇವತ್ತು ನಮ್ಮ ರೈತರು ತರುವ ಅಂಗಾಂಶ ಕೃಷಿಯ ಬಾಳೆ ಸಸಿಗಳ ಹಿಂದಿರುವುದು ಇದೇ ಕುಟುಂಬದ ಹಾರ್ಮೋನುಗಳು.

ಲೋಕದ ಗಿಡಗಳನ್ನೆಲ್ಲ ಗಾಜಿನಲ್ಲಿ ಬೆಳೆಸಲು ನೀರು ಕೊಟ್ಟ ತೆಂಗು ತಾನು ಮಾತ್ರ ಗಾಜಿನಲ್ಲಿ ಬೆಳೆಯಲು ಒಪ್ಪಲಿಲ್ಲ. ಬಾಳೆಗೆ ಕಂದು ಹೊಡೆಯುತ್ತದೆ, ತೆಂಗಿಗೆ ಅದಿಲ್ಲ. ಅದಕ್ಕಿರುವುದು ಒಂದೇ ಸುಳಿ. ಸುಳಿ ಹೋದರೆ ಮರವೇ ಹೋಯಿತು ಎಂಬುದು ಕುರುವಾಯಿ ದುಂಬಿ ಕಂಡ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕತ್ತರಿಸಿ ಮಾಧ್ಯಮಕ್ಕಿಟ್ಟ ತುಂಡು ಕಂದುಗಟ್ಟುತ್ತದೆ, ತಿಂಗಳುಗಟ್ಟಲೆ ಕದಲುವುದಿಲ್ಲ. ದಶಕಗಳ ಕಾಲ ಹಲವು ದೇಶಗಳಲ್ಲಿ, ಕಾಸರಗೋಡಿನ ತೆಂಗಿನ ಸಂಶೋಧನಾ ಕೇಂದ್ರದಲ್ಲೂ, ಈ ಪ್ರಯತ್ನ ನಡೆದಿದೆ. 2021ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಿಂದ ಸುದ್ದಿ ಬಂತು: ತೆಂಗಿನ ಎಳೆಯ ಸಸಿಯ ಪಕ್ಕದ ಮೊಗ್ಗುಗಳನ್ನು ಎಬ್ಬಿಸಿ ಒಂದರಿಂದ ಹಲವು ಚಿಗುರು ಪಡೆಯುವ ವಿಧಾನ ಸಿದ್ಧಿಸಿದೆ. ಫಾನ್ ಓವರ್‌ಬೇಕ್ ಅವರಿಂದ ಲೆಕ್ಕ ಹಾಕಿದರೆ ಸರಿಯಾಗಿ ಎಂಬತ್ತು ವರ್ಷ. ಈ ಸುದ್ದಿ ಓದಿ ನನಗೆ ನಿಜಕ್ಕೂ ರೋಮಾಂಚನವಾಯಿತು. ಆದರೂ ದೂರ ಅಳೆಯಬೇಕು. ಅವರು ಆರಂಭಿಸಿದ್ದು ಕಾಯಿಯೊಳಗಿನ ಭ್ರೂಣದಿಂದ. ಭ್ರೂಣದ ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ, ಅದು ಮುಂದೆ ಎಂಥ ಮರವಾಗುತ್ತದೆಂಬುದೂ ಗೊತ್ತಿಲ್ಲ. ನಿಮ್ಮ ತೋಟದ ಮೂಲೆಯಲ್ಲಿ ಬರದಲ್ಲೂ ಗೊನೆ ತಪ್ಪಿಸದ ಆ ಒಂದು ಮರದ ಪಡಿಯಚ್ಚು ಬೇಕೆಂದರೆ ಅದರ ಎಳೆಯ ಹೊಂಬಾಳೆಯಿಂದಲೇ ಸಸಿ ಎಬ್ಬಿಸಬೇಕು. ಆ ಕೆಲಸ ಭ್ರೂಣದ ಕೆಲಸಕ್ಕಿಂತ ಕಷ್ಟ. ಹಾಗಾಗಿ 'ಅಂಗಾಂಶ ಕೃಷಿಯ ತೆಂಗಿನ ಸಸಿ' ಎಂದು ಯಾರಾದರೂ ಊರಿಗೆ ಮಾರಲು ಬಂದರೆ, ಯಾವ ಮರದ್ದು, ಯಾವ ಭಾಗದಿಂದ ಎಬ್ಬಿಸಿದ್ದು, ಫಸಲಿಗೆ ಬಂದ ತೋಟ ಎಲ್ಲಿದೆ ಎಂದು ಕೇಳಿ.

ವಂಶವಾಹಿಯ ಕೆಲಸ ಇದಕ್ಕಿಂತ ವೇಗವಾಗಿ ಸಾಗಿದೆ. 2011ರಲ್ಲಿ ಬೀ ಗನ್, ಲುಕ್ ಬೋದ್ವಾಂ, ಕೆನೆತ್ ಓಲ್ಸೆನ್ ಲೋಕದ ತೆಂಗನ್ನೆಲ್ಲ ಎರಡು ಮೂಲಕ್ಕೆ ಸೇರಿಸಿದರು, ಒಂದು ಶಾಂತಸಾಗರದ್ದು, ಇನ್ನೊಂದು ಹಿಂದೂ ಮಹಾಸಾಗರದ್ದು. 2017ರಲ್ಲಿ ಚೀನಾದ ಹೈನಾನ್ ಎತ್ತರ ತಳಿಯ ಪೂರ್ತಿ ಜೀನೋಮಿನ ಕರಡು ಹೊರಬಂತು. 2021ರಲ್ಲಿ ಎತ್ತರ ಮತ್ತು ಗಿಡ್ಡ ತಳಿಗಳ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗಿಡ್ಡತನದ ಹಿಂದೆ ಜಿಎ20ಆಕ್ಸ್ ಎಂಬ ವಂಶವಾಹಿಯ ಕೈವಾಡ ಕಂಡಿತು. ಗಿಡವನ್ನು ಉದ್ದ ಎಳೆಯುವ ಗಿಬ್ಬೆರೆಲಿನ್ ಹಾರ್ಮೋನಿನ ತಯಾರಿಕೆಗೆ ಬೇಕಾದದ್ದು ಅದು. 1966ರಲ್ಲಿ ಬಂದು ಭತ್ತದ ಗದ್ದೆಗಳ ಚಹರೆಯನ್ನೇ ಬದಲಿಸಿದ ಐಆರ್8 ತಳಿ ಗಿಡ್ಡಗಿದ್ದದ್ದೂ ಇದೇ ಕುಟುಂಬದ ವಂಶವಾಹಿ ಕೆಟ್ಟಿದ್ದರಿಂದ. ಕಾಯಿ ಕೀಳುವವರು ಸಿಗದೆ ಗೊನೆ ಮರದಲ್ಲೇ ಒಣಗುವ ಈ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಗಿಡ್ಡ ತಳಿಯ ಕಾಯಿಯಿಂದ ಒಳ್ಳೆಯ ಕೊಬ್ಬರಿ ಆಗುವುದಿಲ್ಲ. ಎಂಟು, ಹತ್ತು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿ ಕೊಡುವುದು ನಮ್ಮ ತಿಪಟೂರು ಎತ್ತರ ತಳಿಯೇ. ಅದರಿಂದಲೇ ಆಯ್ದ ಕಲ್ಪತರು ತಳಿ ಉಂಡೆ ಕೊಬ್ಬರಿಗೆಂದೇ ಶಿಫಾರಸಾಗಿದೆ. ಎತ್ತರ ತಳಿಯ ಕಾಯಿ, ಗಿಡ್ಡ ತಳಿಯ ಮೈ, ಎರಡನ್ನೂ ಕೂಡಿಸುವ ಹಂಬಲ ಹೊಸದಲ್ಲ. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿದ್ದಾಗ, 1916ರಲ್ಲಿ ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾಯಿತು. 1932ರಲ್ಲಿ ಅದೇ ತಾಲ್ಲೂಕಿನ ನೀಲೇಶ್ವರದಲ್ಲಿ ಜೆ.ಎಸ್. ಪಟೇಲರು ಎತ್ತರ ಮರಕ್ಕೆ ಗಿಡ್ಡ ಮರದ ಪರಾಗ ಹಾಕಿ ಲೋಕದ ಮೊದಲ ತೆಂಗಿನ ಸಂಕರಣ ಮಾಡಿದರು. ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿ ಇಂದು ದಕ್ಷಿಣ ಏಷ್ಯಾದ ತೆಂಗಿನ ತಳಿಗಳನ್ನು ಜೀವಂತ ಮರಗಳಾಗಿ ಕಾಪಾಡುವ ಅಂತರರಾಷ್ಟ್ರೀಯ ತಳಿ ಸಂಗ್ರಹವೇ ಇದೆ. ನೆಟ್ಟ ಸಸಿ ಕಾಯಿ ಬಿಡಲು ಆರೇಳು ವರ್ಷ, ಅದರ ಗುಣ ಖಚಿತವಾಗಲು ಇನ್ನೂ ಹಲವು ವರ್ಷ. ಕಂಪ್ಯೂಟರಿನಲ್ಲಿ ವಂಶವಾಹಿ ಸಿಕ್ಕ ಮಾತ್ರಕ್ಕೆ ಮರ ಅವಸರ ಮಾಡುವುದಿಲ್ಲ.

ಎಲ್ಲ ಸಂಶೋಧನೆಯೂ ದೂರದಿಂದಲೇ ಬರಬೇಕೆಂದಿಲ್ಲ. 2016ರಲ್ಲಿ ನಮ್ಮ ದೇಶದಲ್ಲಿ ಮೊದಲು ಪೊಳ್ಳಾಚಿಯಲ್ಲಿ ಕಂಡ ತೆಂಗಿನ ಕೀಟ, ಸುರುಳಿ ಬಿಳಿನೊಣ, ಮಧ್ಯ ಅಮೆರಿಕ ಮೂಲದ್ದು. ಅದು ಹಬ್ಬಿ ನಮ್ಮ ಸೀಮೆಗೂ ಬಂತು. ಗರಿಯ ಕೆಳಮೈಯಲ್ಲಿ ಬಿಳಿ ಮೇಣದ ಸುರುಳಿ, ಕೆಳಗಿನ ಗರಿಗಳ ಮೇಲೆ ಅಂಟು ರಸ, ಅದರ ಮೇಲೆ ಕಪ್ಪು ಬೂಷ್ಟು. ತೋಟ ಮಸಿ ಬಳಿದಂತಾದಾಗ ಔಷಧಿ ಹೊಡೆಯಬೇಕೆನಿಸುವುದು ಸಹಜ. ಆದರೆ ಬಿಳಿನೊಣದ ಬೆನ್ನಿಗೇ ಎನ್‌ಕಾರ್ಸಿಯಾ ಗ್ವಾಡಲೂಪೆ ಎಂಬ ಅತಿ ಚಿಕ್ಕ ಕಣಜವೂ ಬಂದಿತ್ತು. ಅದು ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಟ್ಟು ಅದನ್ನು ಒಳಗಿನಿಂದ ಮುಗಿಸುತ್ತದೆ. ಹಲವೆಡೆ ಅರ್ಧಕ್ಕೂ ಹೆಚ್ಚು ಮರಿಗಳು ಅದಕ್ಕೆ ತುತ್ತಾಗಿದ್ದು ದಾಖಲಾಗಿದೆ. ವಿಷ ಸಿಂಪಡಿಸಿದರೆ ಮೊದಲು ಸಾಯುವುದು ಆ ಕಣಜ. ಹೀಗಾಗಿ ಕಾಸರಗೋಡಿನ ವಿಜ್ಞಾನಿಗಳು ಕೊಟ್ಟ ಮುಖ್ಯ ಸಲಹೆ: ವಿಷ ಹೊಡೆಯಬೇಡಿ, ಕಣಜವನ್ನು ಉಳಿಸಿ. ಇದನ್ನು ನೀವೇ ಪರೀಕ್ಷಿಸಬಹುದು. ಬಿದ್ದ ಗರಿಯೊಂದನ್ನು ತಿರುಗಿಸಿ ಭೂತಗನ್ನಡಿ ಹಿಡಿದು ನೋಡಿ. ಖಾಲಿ ಮರಿಕೋಶದ ಬೆನ್ನು ಸೀಳಿದ್ದರೆ ಅದರಿಂದ ಹೊರಬಂದದ್ದು ಬಿಳಿನೊಣ. ಗುಂಡನೆಯ ತೂತು ಕೊರೆದಿದ್ದರೆ ಹೊರಬಂದದ್ದು ಕಣಜ. ಹೈಸ್ಕೂಲಿನ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಎಣಿಸಿ ಮುಗಿಸಬಹುದಾದ ಕೆಲಸವಿದು. ಗುಂಡು ತೂತು ಹೆಚ್ಚಿದ್ದ ತೋಟಕ್ಕೆ ಔಷಧಿ ಅಂಗಡಿಯ ದಾರಿ ಬೇಕಾಗಿಲ್ಲ.

ಇನ್ನು ಚಿಪ್ಪು. ತಿಪಟೂರಿನ ಸುತ್ತಮುತ್ತ ಕೊಬ್ಬರಿ ಬಿಚ್ಚಿದ ಮೇಲೆ ರಾಶಿ ಬೀಳುವ ಚಿಪ್ಪನ್ನು ಗುಂಡಿಗಳಲ್ಲಿ, ಡ್ರಮ್ಮುಗಳಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟು ಇದ್ದಿಲು ಮಾಡುತ್ತಾರೆ. ಆ ಹೊಗೆ ಪಕ್ಕದ ಹಳ್ಳಿಗಳಿಗೆ ಕೊಡುವ ಕಾಟ ನಿಮಗೆಲ್ಲ ಗೊತ್ತು. ಇದ್ದಿಲು ಲಾರಿ ಹತ್ತಿ ಹೋದ ಮೇಲೆ ಏನಾಗುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಅದನ್ನು 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆಗೆ ಒಡ್ಡುತ್ತಾರೆ. ಹಬೆ ಇಂಗಾಲವನ್ನು ಕೊರೆದು ಅಣುಗಾತ್ರದ ರಂಧ್ರಗಳನ್ನು ಮಾಡುತ್ತದೆ. ಹೆಚ್ಚಿನವು 2 ನ್ಯಾನೊಮೀಟರಿಗಿಂತ ಕಿರಿದು. ಹೀಗೆ ಸಿದ್ಧವಾದ ಒಂದು ಗ್ರಾಂ ಇದ್ದಿಲಿನ ಒಳಗೋಡೆಗಳನ್ನು ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರು, ಅಂದರೆ ಹತ್ತು ಗುಂಟೆ ಜಮೀನು. ಚಿಟಿಕೆಯಷ್ಟು ಪುಡಿಯಲ್ಲಿ ಹತ್ತು ಗುಂಟೆ! ಚಿಪ್ಪು ಗಟ್ಟಿ ಇರುವುದರಿಂದ ಇದ್ದಿಲು ಪುಡಿಪುಡಿಯಾಗುವುದಿಲ್ಲ. ಅದಕ್ಕೇ ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಕ್ಕೆ ಚಿಪ್ಪಿನ ಇದ್ದಿಲು ಬಂತು, ಚಿನ್ನದ ಗಣಿಗಳಲ್ಲಿ ದ್ರಾವಣದಿಂದ ಚಿನ್ನ ಹಿಡಿಯಲು ಬಂತು. ಈಗ ಕ್ಷಣದಲ್ಲಿ ವಿದ್ಯುತ್ ತುಂಬಿ ಕ್ಷಣದಲ್ಲಿ ಬಿಡುವ ಸೂಪರ್ ಕೆಪಾಸಿಟರುಗಳ ವಿದ್ಯುದ್ವಾರಕ್ಕೂ ತೆಂಗಿನ ಚಿಪ್ಪಿನ ಇಂಗಾಲ ಬಳಕೆಯಾಗುತ್ತಿದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನೀರು ಸೋಸುವ ಪೊರೆಗೆ ಮೊದಲು ಕ್ಲೋರಿನ್ ಹಿಡಿಯುವ ಕೊಳವೆಯೊಳಗಿರುವುದು ಹೀಗೆ ಪಳಗಿಸಿದ ಇಂಗಾಲವೇ. ಒಂದು ಎಚ್ಚರಿಕೆ ಹೇಳಲೇಬೇಕು. ಪಾವಗಡ, ಸಿರಾ ಕಡೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಈ ಇದ್ದಿಲು ಹಿಡಿಯುವುದಿಲ್ಲ. ಅದಕ್ಕೆ ಪೊರೆಯೇ ಬೇಕು, ಇಲ್ಲವೇ ಅಲ್ಯುಮಿನಾ.

2025ರ ರಸಾಯನಶಾಸ್ತ್ರದ ನೊಬೆಲ್ ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ ಸಂದದ್ದು ಇಂಥದೇ ರಂಧ್ರಗಳ ವಸ್ತುವಿಗೆ. ಲೋಹದ ಅಯಾನುಗಳನ್ನು ಗಂಟಾಗಿ, ಸಾವಯವ ಅಣುಗಳನ್ನು ಕಂಬವಾಗಿ ಇಟ್ಟು ಅವರು ಕಟ್ಟಿದ ಹಂದರಗಳಲ್ಲಿ ಪ್ರತಿ ಕೋಣೆಯ ಅಳತೆಯನ್ನೂ ಮೊದಲೇ ನಿರ್ಧರಿಸಬಹುದು. ಕೆಲವದರ ಒಂದು ಗ್ರಾಂನಲ್ಲಿ 7000 ಚದರ ಮೀಟರಿಗೂ ಮಿಕ್ಕ ಒಳಮೈ ಇದೆ. ಮರುಭೂಮಿಯ ಗಾಳಿಯಿಂದ ನೀರು ಹೀರಿ ತೆಗೆದು ತೋರಿಸಿದ್ದಾರೆ. ಅಳತೆಗೆ ತಕ್ಕ ಕೋಣೆ ಕಟ್ಟುವ ಈ ವಿದ್ಯೆಗೆ ನಾನು ತಲೆಬಾಗುತ್ತೇನೆ. ಆದರೆ ಗ್ರಾಂನಿಂದ ಟನ್ನಿಗೆ ಬರುವ ದಾರಿಯಲ್ಲಿ ಅದು ಇನ್ನೂ ಮೊದಲ ಮೈಲಿಗಳಲ್ಲಿದೆ. ಚಿಪ್ಪಿನ ಇದ್ದಿಲು ಆ ದಾರಿಯನ್ನು ನೂರು ವರ್ಷದ ಹಿಂದೆಯೇ ಮುಗಿಸಿದೆ. ನಮ್ಮ ನೋವು ಬೇರೆ: ಹೊಗೆ ನಮ್ಮೂರಿನಲ್ಲಿ ಉಳಿಯುತ್ತದೆ, ಬೆಲೆ ಬರುವ ಹಬೆಯ ಕೆಲಸ ಬೇರೆಯವರ ಊರಿನಲ್ಲಿ ನಡೆಯುತ್ತದೆ. ಹೊಗೆಯನ್ನು ಒಳಗೇ ಉರಿಸಿ ಅದರ ಶಾಖವನ್ನು ಮತ್ತೆ ಬಳಸುವ ಮುಚ್ಚಿದ ಕುಲುಮೆಗಳು ಇವೆ. ಬೆಳೆಗಾರರ ಸಹಕಾರ ಸಂಘಗಳು ಕೈಹಾಕಬೇಕಾದ ಕೆಲಸವಿದು, ಒಬ್ಬಿಬ್ಬರಿಂದ ಆಗುವುದಲ್ಲ.

ಕೊನೆಯಲ್ಲಿ ಎರಡು ಕೋರಿಕೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರೋ ಅರಸೀಕೆರೆಯ ಸಂಶೋಧನಾ ಕೇಂದ್ರದವರೋ ಪ್ರಯೋಗಕ್ಕೆ ನಾಲ್ಕು ಮರ ಕೇಳಿಕೊಂಡು ಬಂದರೆ ಇಲ್ಲ ಎನ್ನಬೇಡಿ. ಬೇರೆಡೆಯ ಫಲಿತಾಂಶ ಮಾಯಸಂದ್ರದ ಮಣ್ಣಿನಲ್ಲಿ, ಮಾಯಸಂದ್ರದ ಮಳೆಯಲ್ಲಿ ನಿಲ್ಲುತ್ತದೆಯೇ ಎಂದು ತಿಳಿಯಲು ಅದಲ್ಲದೆ ಬೇರೆ ದಾರಿಯಿಲ್ಲ. ಎರಡನೆಯದು, ನಿಮ್ಮ ತೋಟದ ಮರಗಳಿಗೆ ಬಣ್ಣದಲ್ಲಿ ನಂಬರು ಬರೆದು, ಪ್ರತಿ ಕೀಳಿನಲ್ಲೂ ಯಾವ ಮರಕ್ಕೆ ಎಷ್ಟು ಕಾಯಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತಿಡಿ. ಇಪ್ಪತ್ತು ವರ್ಷ ದಾಟಿ, ವರ್ಷಕ್ಕೆ ಎಂಬತ್ತಕ್ಕೆ ಕಡಿಮೆಯಿಲ್ಲದೆ ವರ್ಷವರ್ಷವೂ ತಪ್ಪದೆ ಬಿಡುವ ಮರವೇ ತಾಯಿಮರಕ್ಕೆ ಯೋಗ್ಯ. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾವ ತಳಿವಿಜ್ಞಾನಿಯೂ ಒಪ್ಪುವುದಿಲ್ಲ, ಲೆಕ್ಕ ತೋರಿಸಿದರೆ ಒಪ್ಪುತ್ತಾನೆ. ಹೊಂಬಾಳೆಯಿಂದ ಸಸಿ ಎಬ್ಬಿಸುವ ವಿದ್ಯೆ ಕೈಗೂಡಿದ ದಿನ ಅವರು ಹುಡುಕಿಕೊಂಡು ಬರುವುದು ಆ ನೋಟ್‌ಬುಕ್ಕು ಇರುವ ಮನೆಗೆ. ಈ ಸಲದ ಕೀಳಿನಿಂದಲೇ ಬರೆಯಲು ಶುರುಮಾಡಿ.